ಎಡಗಾಲಿಗೆ ಇನ್ನೂ ಎಂಟು

ಗೋಲು ಬಿದ್ದಾಗ ಕ್ಯಾಮೆರಾ ನನ್ನ ಕಡೆ ತಿರುಗುವುದಿಲ್ಲ.
ಹನ್ನೊಂದು ವರ್ಷ, ಐದು ಕ್ಲಬ್ಬು,
ಟಿವಿಯಲ್ಲಿ ಬಂದದ್ದು ಒಂದೇ ಸಲ:
ನೀರಿನ ಬಾಟಲಿ ಹಿಡಿದ ಅರ್ಧ ಕೈ.
ಭದ್ರಾವತಿಯಲ್ಲಿ ಸೆಲಿನಕ್ಕ ಗುರುತು ಹಿಡಿದಳಂತೆ,
ವಾಚಿನಿಂದ.

ಏನಪ್ಪಾ ನಿನ್ನ ಕೆಲಸ, ನೆಂಟರು ಕೇಳುತ್ತಾರೆ.
ಆಟ ಕಲಿಸುವವನಾ? ಅಲ್ಲ.
ಡಾಕ್ಟರಾ? ಅಲ್ಲ.
ಎಂಬತ್ತೆಂಟನೇ ನಿಮಿಷ ನನ್ನದು, ಅನ್ನುತ್ತೇನೆ.
ಎದುರಾಳಿಯ ಮೀನಖಂಡ ಹಿಡಿದುಕೊಂಡು ಹುಲ್ಲಿನ ಮೇಲೆ ಹೊರಳುವಾಗ
ನಮ್ಮವನು ಇನ್ನೊಮ್ಮೆ ಓಡುತ್ತಾನಲ್ಲ,
ಆ ಓಟ ಜುಲೈ ತಿಂಗಳಲ್ಲಿ ಹುಗಿದಿಟ್ಟದ್ದು.
ಅವರು ತಲೆಯಾಡಿಸಿ ಕಾಫಿ ಮುಗಿಸುತ್ತಾರೆ.

ಮೊದಲು ಕಲಿತದ್ದು ಶಿವಮೊಗ್ಗದ ಗರಡಿಯಲ್ಲಿ.
ಹನುಮಂತನ ಪಟದ ಪಕ್ಕ ಒಂದು ಗೂಟ ತೋರಿಸಿ
ನಿನ್ನ ಜಪಮಾಲೆ ಅಲ್ಲಿ ಹಾಕು ಅಂದರು ಕರಿಬಸಪ್ಪ ಉಸ್ತಾದರು.
ಆರು ತಿಂಗಳು ಕುಸ್ತಿಯಿಲ್ಲ, ಬರೀ ಗುದ್ದಲಿ.
ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ;
ಅಗೆ, ಮಗುಚು, ಮತ್ತೆ ಅಗೆ.
ಐನೂರು ಬಸ್ಕಿ ಮುಗಿಸಿ ಬೀಗುತ್ತಾ ನಿಂತರೆ
“ಬಸ್ಕಿ ಹೊಡೆದೆಯೋ, ಲೆಕ್ಕ ಹೊಡೆದೆಯೋ?”

ಈಗ ನನ್ನ ಹುಡುಗರ ಬೆನ್ನಿಗೆ ಪಟ್ಟಿ ಕಟ್ಟಿದೆ.
ಓಡಿದ ಮೀಟರು, ಎದೆಬಡಿತ, ರಾತ್ರಿಯ ನಿದ್ದೆ
ಎಲ್ಲವೂ ಪರದೆಯ ಮೇಲೆ, ಹಸಿರು ಹಳದಿ ಕೆಂಪು.
ಉಸ್ತಾದರ ಪ್ರಶ್ನೆಗೆ ಮಾತ್ರ ಕಾಲಮ್ಮಿಲ್ಲ.

ಅಪ್ಪ ಇನ್ನಾಸಪ್ಪ, ಪೇಪರ್ ಮಿಲ್ಲಿನ ಮೂರನೇ ಮಿಶಿನ್ನಿನವನು,
ಹಾಳೆ ಹರಿಯುವ ಮುಂಚೆ ಸದ್ದು ಬದಲಾಗುತ್ತೆ ಕಣೋ ಅನ್ನುತ್ತಿದ್ದ.
ಊಟದ ಡಬ್ಬಿ ಬಿಟ್ಟು ಓಡಿದ್ದೂ ಉಂಟು,
ಬೇರೆ ಯಾರಿಗೂ ಏನೂ ಕೇಳಿಸದಿದ್ದಾಗ.

ಜನವರಿಯ ಆ ಸಂಜೆ ನನಗೆ ಕೇಳಿಸಲಿಲ್ಲ.
ಪರದೆ ಹಳದಿ ತೋರಿಸುತ್ತಿತ್ತು.
ಹೆಡ್ ಕೋಚ್ ಕೇಳಿದ, ಹೇಗಿದ್ದಾನೆ?
ಆಡಲಿ, ಅಂದೆ.
ಎಪ್ಪತ್ತನೇ ನಿಮಿಷ, ಯಾರೂ ಮುಟ್ಟಿಲ್ಲ, ಚೆಂಡು ದೂರದಲ್ಲಿ,
ಝೋಸಾಂಗ ಸುಮ್ಮನೆ ತಿರುಗಿದ.
ಕಿರುಬೆರಳಿನಷ್ಟು ಒಂದು ಹುರಿ, ಮಂಡಿಯೊಳಗೆ.

ಆಪರೇಷನ್ನಿನ ಖರ್ಚು ಕ್ಲಬ್ಬಿನದು.
ಆಮೇಲಿನ ತಿಂಗಳುಗಳು ಯಾರದೆಂದು ಕರಾರಿನಲ್ಲಿ ಸ್ಪಷ್ಟವಿಲ್ಲ.
ಹಾಗಾಗಿ ಕರೆತಂದೆ ನನ್ನೂರಿಗೆ.

ಮಿಲ್ಲು ಮುಚ್ಚಿದೆ. ಚಿಮಣಿಗೆ ಹೊಗೆಯಿಲ್ಲ.
ಕ್ವಾರ್ಟರ್ಸಿನ ಮೈದಾನದಲ್ಲಿ ತುಕ್ಕು ಹಿಡಿದ ಗೋಲುಕಂಬ,
ಬಟ್ಟೆ ಒಣಗಿಸಲು ಯಾರೋ ಕಟ್ಟಿದ ತಂತಿ.
ಸಿಮೆಂಟು ಚೀಲಕ್ಕೆ ಮರಳು ತುಂಬಿ ತೂಗಿದೆ,
ಸೆಲಿನಕ್ಕನ ರೇಷನ್ ಅಂಗಡಿಯ ತಕ್ಕಡಿಯಲ್ಲಿ.
ಒಂಟಿಗಾಲಲ್ಲಿ ಇಳಿ, ಮೂರೆಣಿಸು, ಏಳು.
ದೂರದ ಘಟ್ಟ ತೋರಿಸಿದರೆ ನಗುತ್ತಾನೆ:
ನಿಮ್ಮ ಗುಡ್ಡ ಚಿಕ್ಕದು ಸರ್,
ಐಜಾಲಿನಲ್ಲಿ ಹಾಲು ತರಲು ಹೋಗುವ ದಾರಿಯೇ ಇಷ್ಟೆತ್ತರ.
ಮೀನುಸಾರಿನ ಎರಡನೇ ತಟ್ಟೆಗೆ ನಾನು ಅಡ್ಡಬಂದರೆ
ಅಕ್ಕನ ಕಡೆ ನೋಡುತ್ತಾನೆ.
ಅಕ್ಕ ನನ್ನ ಕಡೆ ನೋಡದೆ ಬಡಿಸುತ್ತಾಳೆ.

ಅವನಿಗೆ ಬರುವ ಕನ್ನಡ ಒಂದರಿಂದ ಎಂಟು.
ಎಂಟರಾಚೆ ನಾನು ಅವನನ್ನು ಒಯ್ದಿಲ್ಲ.
ಹೊಸ ಹುರಿಗೆ ಅಷ್ಟೇ ಸಾಕು, ಒಂದು ಸರದಿಗೆ.

ಸೆಪ್ಟೆಂಬರಿನ ಈ ಬೆಳಿಗ್ಗೆ, ಆರೂ ಮುಕ್ಕಾಲು,
ಮೂರನೇ ಸರದಿಯ ನಡುವೆ ಫೋನು ನಡುಗಿತು.
ಹೆಡ್ ಕೋಚನ್ನು ಬಿಟ್ಟಿದ್ದಾರೆ. ಜೊತೆಗೆ ಅವನ ಸಿಬ್ಬಂದಿಯನ್ನು.
ಸೇವೆಗೆ ಧನ್ಯವಾದ, ಶುಭಾಶಯ, ಮ್ಯಾನೇಜರನ ಹೆಸರು.
ಐದನೆಯ ಸಲವಾದ್ದರಿಂದ
ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಐದು, ಅಂದ ಅವನು. ಆರು.
ಎಡಗಾಲು ಇನ್ನೂ ಬಲಗಾಲಿಗಿಂತ
ನೂರಕ್ಕೆ ಎಂಟು ಕಮ್ಮಿ.
ಇದನ್ನು ಈಗ ಯಾರಿಗೆ ಬರೆದು ಕಳಿಸಬೇಕೋ ಗೊತ್ತಿಲ್ಲ.
ಏಳು. ತೊಡೆ ನಡುಗಿತು, ಮಂಡಿ ಒಳಗೆ ವಾಲಲಿಲ್ಲ.
ಎಂಟು.

ನಿಲ್ಲಿಸು ಅನ್ನಬೇಕಾದ ಜಾಗದಲ್ಲಿ
ನಾನು ಏನೂ ಅನ್ನಲಿಲ್ಲ.
ನನ್ನ ಮುಖ ನೋಡಿದ. ಫೋನು ನೋಡಿದ.
ಮುಂದಿನ ಅಂಕಿಯ ಹೆಸರು ಗೊತ್ತಿಲ್ಲದೆ
ಕೆಳಗಿಳಿಯುತ್ತಾ
ಒಂದು, ಅಂದ.